‘ಮೋಟಾರ್ ಹೋಗಿದೆ ಮಾಮ’: ರಿಮೋಟ್ ಕಾರಿನ ದೋಷ ಹುಡುಕುವ ಕ್ರಮ

ಮಲ್ಪೆಯ ಕಡಲ ತೀರದಲ್ಲಿ ಎರಡು ಸಂಜೆ ಓಡಿಸಿದ ಕಾರನ್ನು ತಂಗಿಯ ಮಗ ಕುಚ್ಚಲಕ್ಕಿಯ ಖಾಲಿ ಚೀಲದಲ್ಲಿ ಹಾಕಿಕೊಂಡು ನನ್ನ ಶೆಡ್ಡಿಗೆ ಬಂದ. "ಮಾಮ, ಮೋಟಾರ್ ಹೋಗಿದೆ. 4,500 ಕೆವಿಯದ್ದು ಹಾಕಿದರೆ ಸರಿಯಾಗುತ್ತದೆಯೇ?" ಎಂದು ಕೇಳಿದ. ಕಾರು 1:10 ಅಳತೆಯ ಟ್ರಕ್. ನಾಲ್ಕೂ ಚಕ್ರಕ್ಕೆ ಡ್ರೈವ್, 3,300 ಕೆವಿಯ ಬ್ರಷ್‌ಲೆಸ್ (ಕಾರ್ಬನ್ ಬ್ರಷ್ ಇಲ್ಲದ) ಮೋಟಾರ್, 2ಎಸ್ ಲಿಪೋ, ಅಂದರೆ ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ. ಕೆವಿ ಎಂದರೆ ಇಲ್ಲಿ ಕಿಲೋವೋಲ್ಟ್ ಅಲ್ಲ, ಭಾರವಿಲ್ಲದಾಗ ಮೋಟಾರ್ ಪ್ರತಿ ವೋಲ್ಟಿಗೆ ನಿಮಿಷಕ್ಕೆ ತಿರುಗುವ ಸುತ್ತು. ಹೊರಡುವಾಗ ತಡವರಿಸುತ್ತದೆ, ಐದು ನಿಮಿಷದಲ್ಲಿ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಆಮೇಲೆ ನಿಂತೇಬಿಡುತ್ತದೆ ಎಂಬುದು ದೂರು.

ನನ್ನ ಕಸುಬು ಉಡುಪಿಯಲ್ಲಿ ಪಂಪಿನ ಮೋಟಾರ್ ರಿವೈಂಡಿಂಗ್. ರಿಮೋಟ್ ಕಾರು ಹವ್ಯಾಸ ಮಾತ್ರ. ಆದರೆ ಎರಡರಲ್ಲೂ ದೂರು ಬರುವ ರೀತಿ ಒಂದೇ. ಬಾವಿಯ ಪಂಪು ನೀರು ಎತ್ತುವುದಿಲ್ಲ ಎಂದರೆ ಮನೆಯವರು ಮೊದಲು ಹೇಳುವುದು "ವೈಂಡಿಂಗ್ ಸುಟ್ಟಿರಬೇಕು" ಎಂದು. ಹೋಗಿ ನೋಡಿದರೆ ಫುಟ್‌ವಾಲ್ವಿನಲ್ಲಿ ಅಡಿಕೆ ಸೋಗೆಯ ಚೂರು ಸಿಕ್ಕಿಕೊಂಡಿರುತ್ತದೆ. ರಿಮೋಟ್ ಕಾರಿನಲ್ಲೂ ಮೋಟಾರ್ ಎಂದರೆ ಪೆಟ್ಟು ತಿನ್ನುವವನೇ ಹೊರತು ಪೆಟ್ಟು ಕೊಡುವವನಲ್ಲ. ಅದು ಬಿಸಿಯಾದದ್ದು ಬೇರೆ ಯಾವುದೋ ತಪ್ಪಿನಿಂದ. ಆ ತಪ್ಪನ್ನು ಹಾಗೆಯೇ ಬಿಟ್ಟು ಹೊಸ ಮೋಟಾರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಈ ಕ್ರಮದಲ್ಲಿ ಮೋಟಾರಿನ ಸರದಿ ಬರುವುದು ತಡವಾಗಿ. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು.

ಮೊದಲು ಕೈಯಲ್ಲಿ ತಿರುಗಿಸಿ ನೋಡಿ

ಬ್ಯಾಟರಿ ಕಳಚಿ. ಮೋಟಾರನ್ನು ಹಿಡಿದಿರುವ ಎರಡು ಸ್ಕ್ರೂ ಸಡಿಲಿಸಿ, ಪಿನಿಯನ್ ಎಂಬ ಸಣ್ಣ ಗಿಯರ್ ದೊಡ್ಡ ಸ್ಪರ್ ಗಿಯರಿನಿಂದ ಬಿಡಿಸಿಕೊಳ್ಳುವಂತೆ ಹಿಂದಕ್ಕೆ ಸರಿಸಿ. ಈಗ ಕಾರನ್ನು ಮೇಜಿನ ಮೇಲೆ ಮೆಲ್ಲನೆ ತಳ್ಳಿ. ಕೈಬಿಟ್ಟ ಮೇಲೂ ಅದು ಸ್ವಲ್ಪ ದೂರ ಉರುಳಬೇಕು. ತಳ್ಳಿದಲ್ಲೇ ನಿಂತರೆ ದೋಷ ಮೋಟಾರಿನಲ್ಲಿ ಇಲ್ಲ ಎಂಬುದು ಅರ್ಧ ತೀರ್ಮಾನವಾದಂತೆ.

ಅಳಿಯನ ಕಾರು ಒಂದು ಗೇಣೂ ಉರುಳಲಿಲ್ಲ. ಚಕ್ರಗಳನ್ನು ಒಂದೊಂದಾಗಿ ಬಿಚ್ಚಿದೆವು. ಹಿಂದಿನ ಬಲ ಚಕ್ರದ ಆಕ್ಸಲ್‌ಗೆ ಮೀನಿನ ಬಲೆಯ ನೈಲಾನ್ ದಾರ ಸುತ್ತಿಕೊಂಡಿತ್ತು. ತಿರುಗುವ ಬಿಸಿಗೆ ಕರಗಿ ಬೇರಿಂಗಿನ ಸೀಲಿನೊಳಗೆ ಸೇರಿ ಗಟ್ಟಿಯಾಗಿತ್ತು. ಸೂಜಿಯಿಂದ ಕಿತ್ತು ತೆಗೆಯಲು ಅರ್ಧ ಗಂಟೆ ಹಿಡಿಯಿತು, ಬೇರಿಂಗ್ ಉಳಿಯಲಿಲ್ಲ. ದೋಣಿಗಳು ಬಲೆ ಒಣಗಿಸುವ, ಹರಿದ ಬಲೆ ಬಿಸಾಡುವ ನಮ್ಮ ತೀರಗಳಲ್ಲಿ ಇದು ಮಾಮೂಲಿ. ತೆಂಗಿನ ತೋಟದಲ್ಲಿ ಓಡಿಸುವವರಿಗೆ ನಾರು, ಗಾಳಿಮರದ ತೋಪಿನಲ್ಲಿ ಓಡಿಸುವವರಿಗೆ ಸೂಜಿಯಂಥ ಒಣ ಎಲೆ. ಮುಂಬರುವ ದಿನಗಳಲ್ಲಿ ಏನೂ ಮಾಡದಿದ್ದರೂ ಓಡಿಸಿದ ಮೇಲೆ ನಾಲ್ಕೂ ಆಕ್ಸಲ್ ನೋಡುವುದನ್ನು ಬಿಡಬೇಡಿ.

ಚಕ್ರಗಳು ಹಗುರವಾಗಿ ತಿರುಗಿದರೆ ಒಂದೊಂದೇ ಬೇರಿಂಗನ್ನು ಬೆರಳ ತುದಿಯಲ್ಲಿ ತಿರುಗಿಸಿ. 1:10 ಕಾರುಗಳಲ್ಲಿ ಹೆಚ್ಚಾಗಿ 5×11×4 ಮತ್ತು 10×15×4 ಮಿ.ಮೀ. ಅಳತೆಯವು ಇರುತ್ತವೆ. ಒಳಗೆ ಮರಳು ಸೇರಿದ್ದರೆ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಡಿಫರೆನ್ಶಿಯಲ್, ಡ್ರೈವ್‌ಶಾಫ್ಟ್. ಬಾಗಿದ ಶಾಫ್ಟ್ ಒಂದು ಸುತ್ತಿನಲ್ಲಿ ಒಂದೇ ಕಡೆ ಬಿಗಿಯಾಗುತ್ತದೆ.

ಎಲ್ಲವೂ ಸರಿಯಿದ್ದರೆ ಪಿನಿಯನ್ ಮತ್ತು ಸ್ಪರ್ ನಡುವೆ ನೋಟ್‌ಬುಕ್ಕಿನ ಹಾಳೆಯ ಒಂದು ಪಟ್ಟಿ ಇಟ್ಟು, ಎರಡನ್ನೂ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಹಾಳೆಯನ್ನು ತಿರುಗಿಸಿ ಹೊರತೆಗೆಯಿರಿ. ಹಾಳೆ ಹರಿಯದೆ ಹಲ್ಲಿನ ಗುರುತು ಮಾತ್ರ ಬಿದ್ದು ಹೊರಬಂದರೆ ಸಂದು ಸರಿಯಾಗಿದೆ. ಸ್ಪರ್ ಪೂರ್ತಿ ದುಂಡಗೆ ಇರುವುದಿಲ್ಲವಾದ್ದರಿಂದ ನಾಲ್ಕೈದು ಕಡೆ ತಿರುಗಿಸಿ ನೋಡಬೇಕು. ತೀರಾ ಬಿಗಿಯಾದರೆ ಕಾರು ಸೊಳ್ಳೆಯಂತೆ ಕೀರಲು ದನಿಯಲ್ಲಿ ಕೂಗುತ್ತದೆ, ಮೋಟಾರಿನ ಮುಂದಿನ ಬೇರಿಂಗ್ ಬೇಗ ಸಾಯುತ್ತದೆ. ಸಡಿಲವಾದರೆ ಕಟಕಟ ಎನ್ನುತ್ತಾ ಸ್ಪರ್ ಹಲ್ಲನ್ನು ಕಡಿದು ಹಾಕುತ್ತದೆ.

ಬ್ಯಾಟರಿ, ಪ್ಲಗ್, ಬೆಸುಗೆ

2ಎಸ್ ಲಿಪೋ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ತೋರಿಸುತ್ತದೆ. ಇದನ್ನು ನೋಡಿ ಬ್ಯಾಟರಿ ಸರಿಯಿದೆ ಎನ್ನುವವರೇ ಹೆಚ್ಚು. ಸುಮ್ಮನೆ ಇರುವಾಗಿನ ವೋಲ್ಟಿಗೆ ಅಷ್ಟು ಬೆಲೆಯಿಲ್ಲ. ಮುದಿಯಾದ ಬ್ಯಾಟರಿಯೂ ಚಾರ್ಜರಿನಿಂದ ತೆಗೆದ ಕೂಡಲೇ 8.4 ತೋರಿಸೀತು. ಕೇಳಬೇಕಾದ ಪ್ರಶ್ನೆ, ಭಾರ ಬಿದ್ದಾಗ ಎಷ್ಟು ಉಳಿಯುತ್ತದೆ ಎಂಬುದು.

ಲೆಕ್ಕ ಸರಳ. ಒಂದೊಂದು ಸೆಲ್ಲಿನ ಒಳ ನಿರೋಧ 10 ಮಿಲಿಓಮ್ ಎಂದುಕೊಳ್ಳಿ. ಎರಡು ಸೆಲ್ಲಿಗೆ 20. ಕಾರು ಹೊರಡುವ ಕ್ಷಣದಲ್ಲಿ 60 ಆಂಪಿಯರ್ ಎಳೆದರೆ 1.2 ವೋಲ್ಟ್ ಬ್ಯಾಟರಿಯೊಳಗೇ ಕರಗಿಹೋಗುತ್ತದೆ. ಒಳ ನಿರೋಧ ಇದರ ಎರಡು ಪಟ್ಟಾದರೆ 2.4 ವೋಲ್ಟ್ ಹೋಗಿ ಮೋಟಾರಿಗೆ ತಲುಪುವುದು ಆರೇ ವೋಲ್ಟ್. ಸುಮಾರು 6.4 ವೋಲ್ಟಿಗೆ ಶಕ್ತಿ ಕಡಿತ ಮಾಡುವಂತೆ ಹೊಂದಿಸಿದ ಇಎಸ್‌ಸಿ, ಅಂದರೆ ವೇಗ ನಿಯಂತ್ರಕ, ಆಗ ತನ್ನ ಕೆಲಸ ತಾನು ಮಾಡುತ್ತದೆ, ಕಾರು ಮುಗ್ಗರಿಸುತ್ತದೆ, ಹುಡುಗರು ಮೋಟಾರನ್ನು ಬೈಯುತ್ತಾರೆ. ಈಗಿನ ಹೆಚ್ಚಿನ ಚಾರ್ಜರುಗಳು ಒಳ ನಿರೋಧವನ್ನು ಸೆಲ್ಲುವಾರು ತೋರಿಸುತ್ತವೆ. ಬ್ಯಾಟರಿ ಕೊಂಡ ದಿನ ನೋಡಿ ಅದರ ಮೇಲೆಯೇ ಬರೆದಿಟ್ಟರೆ ವರ್ಷದ ಮೇಲೆ ಹೋಲಿಸಬಹುದು. ಸೆಲ್ಲುಗಳಲ್ಲಿ ಒಂದು ಮಾತ್ರ ಬಹಳ ಹಿಂದೆ ಬಿದ್ದಿದ್ದರೆ ಆ ಬ್ಯಾಟರಿಯ ಆಯುಷ್ಯ ಮುಗಿಯಿತು. ಊದಿಕೊಂಡದ್ದನ್ನು ಚಾರ್ಜರಿಗೆ ಹಚ್ಚಲೇಬೇಡಿ. ಇದರಲ್ಲಿ ಚೌಕಾಸಿ ಇಲ್ಲ.

ನಿಮ್ಮ ಬ್ಯಾಟರಿ ತೆಗೆದು ಗೆಳೆಯರೊಬ್ಬರ ನಂಬಿಕೆಯ ಬ್ಯಾಟರಿ ಹಾಕಿ ನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಕಾರು ಹಾರಿದರೆ ಉತ್ತರ ಸಿಕ್ಕಿತು.

ಮುಂದಿನದು ಪ್ಲಗ್. ಎರಡು ನಿಮಿಷ ಓಡಿಸಿ, ನಿಲ್ಲಿಸಿದ ಕೂಡಲೇ ಪ್ಲಗ್ಗನ್ನು ಮುಟ್ಟಿ. ತಂತಿಗಿಂತ ಪ್ಲಗ್ ಬಿಸಿಯಾಗಿದ್ದರೆ ಅಲ್ಲಿ ಶಕ್ತಿ ಸೋರುತ್ತಿದೆ. ಆಟಿಕೆಯ ದರ್ಜೆಯ ಕಾರುಗಳಲ್ಲಿ ಬರುವ ಬಿಳಿ ಪ್ಲಾಸ್ಟಿಕ್ಕಿನ ಹಳೆಯ ಮಾದರಿಯ ಪ್ಲಗ್ ಬ್ರಷ್‌ಲೆಸ್ ಮೋಟಾರಿನ ಕರೆಂಟಿಗೆ ಹೇಳಿ ಮಾಡಿಸಿದ್ದಲ್ಲ. ಅದನ್ನು ಕತ್ತರಿಸಿ ಎಕ್ಸ್‌ಟಿ60 ಮಾದರಿಯ ಪ್ಲಗ್ ಬೆಸುಗೆ ಹಾಕಿಸಿ. ಕರಾವಳಿಯಲ್ಲಿ ಇನ್ನೊಂದು ತಲೆನೋವು ಉಪ್ಪು ಗಾಳಿ. ಇನ್ಸುಲೇಶನ್ನಿನ ತುದಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ತಾಮ್ರದ ಎಳೆಗಳು ಹಸಿರು ಅಥವಾ ಕಪ್ಪು ಬಣ್ಣಕ್ಕೆ ತಿರುಗಿರುತ್ತವೆ. ಹೊರಗಿನಿಂದ ನೋಡಿದರೆ ತಂತಿ ಹೊಸದರಂತೆಯೇ ಇರುತ್ತದೆ. ಕಪ್ಪಾದ ತಾಮ್ರದ ಮೇಲೆ ಬೆಸುಗೆ ಹಿಡಿಯುವುದಿಲ್ಲ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿಕೊಂಡೇ ಹೋಗಬೇಕು.

ರಿಮೋಟ್ ಮತ್ತು ಇಎಸ್‌ಸಿ

ಇದು ಚಿಕ್ಕ ವಿಷಯ. ಆದರೆ ಇದನ್ನು ನೋಡದೆ ಮೋಟಾರ್ ಕೊಂಡವರು ನನಗೆ ಗೊತ್ತು. ಇಎಸ್‌ಸಿಗೆ ರಿಮೋಟಿನ ಟ್ರಿಗರ್ ಎಲ್ಲಿ ಸೊನ್ನೆ, ಎಲ್ಲಿ ಪೂರ್ತಿ ಎಂದು ಕಲಿಸಿಕೊಡಬೇಕು. ಕಲಿಸದಿದ್ದರೆ, ಅಥವಾ ಮಕ್ಕಳು ರಿಮೋಟಿನ ಥ್ರಾಟಲ್ ಮಿತಿಯ ಗುಂಡಿಯನ್ನು ತಿರುಗಿಸಿ ಬಿಟ್ಟಿದ್ದರೆ, ಟ್ರಿಗರನ್ನು ಪೂರ್ತಿ ಎಳೆದರೂ ಕಾರು ಮುಕ್ಕಾಲು ವೇಗದಲ್ಲೇ ಓಡುತ್ತದೆ. ಸೊನ್ನೆಯ ಜಾಗ ಹೊಂದಿಸುವ ಟ್ರಿಮ್ ಒಂದು ಕಡೆಗೆ ಸರಿದಿದ್ದರೆ ಟ್ರಿಗರ್ ಬಿಟ್ಟಾಗಲೂ ಸಣ್ಣಗೆ ಬ್ರೇಕ್ ಹಿಡಿದಿರಬಹುದು. ಬ್ಯಾಟರಿಯ ಜಾತಿಯನ್ನೂ ನೋಡಿ. ಆರು ಸೆಲ್ಲಿನ 7.2 ವೋಲ್ಟ್ ನಿಕ್ಕಲ್ ಬ್ಯಾಟರಿ ಹಾಕಿ ಇಎಸ್‌ಸಿಯನ್ನು ಲಿಪೋ ಎಂದೇ ಬಿಟ್ಟಿದ್ದರೆ ಅದು ಬಹಳ ಬೇಗ ಶಕ್ತಿ ಕಡಿತ ಮಾಡುತ್ತದೆ. ಇದಕ್ಕೆ ತಿರುಗುಮುರುಗಾದರೆ ಇನ್ನೂ ಕಷ್ಟ: ಲಿಪೋ ಹಾಕಿ ನಿಕ್ಕಲ್ ಎಂದು ಹೊಂದಿಸಿದ್ದರೆ ಕಡಿತವೇ ಆಗದೆ ಬ್ಯಾಟರಿ ಸತ್ತುಹೋಗುತ್ತದೆ.

ಈಗ ಮೋಟಾರ್

ಬ್ರಷ್‌ಲೆಸ್ ಮೋಟಾರನ್ನು ಪರೀಕ್ಷಿಸಲು ಮಲ್ಟಿಮೀಟರ್ ಹಿಡಿದು ಬಂದವರಿಗೆ ನಿರಾಸೆ ಕಾದಿದೆ. ಮೂರು ತಂತಿಗಳ ನಡುವಿನ ನಿರೋಧ ಕೆಲವೇ ಮಿಲಿಓಮ್. ಸಾಮಾನ್ಯ ಮೀಟರಿಗೆ ಸುಟ್ಟದ್ದೂ ಒಂದೇ, ಒಳ್ಳೆಯದೂ ಒಂದೇ. ಮೀಟರಿನಿಂದ ತಿಳಿಯುವುದು ಒಂದು ಸಂಗತಿ ಮಾತ್ರ: ತಂತಿಗೂ ಹೊರಗಿನ ಡಬ್ಬಿಗೂ ಸಂಪರ್ಕ ಇರಬಾರದು. ಇದ್ದರೆ ವೈಂಡಿಂಗ್ ಬಾಡಿಗೆ ತಗುಲಿದೆ. ನಮ್ಮ ಕಸುಬಿನವರಿಗೆ ಒಂದು ಮಾತು, ಪಂಪಿಗೆ ಹಚ್ಚುವ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಇಲ್ಲಿ ತರಬೇಡಿ. ಸೆನ್ಸರ್ (ತಿರುಗುವ ಭಾಗ ಎಲ್ಲಿ ನಿಂತಿದೆ ಎಂದು ತಿಳಿಸುವ ಸಾಧನ) ಇರುವ ಮೋಟಾರಾದರೆ ಒಳಗಿನ ಸಣ್ಣ ಬೋರ್ಡು ಅಲ್ಲೇ ಹೊಗೆಯಾಗುತ್ತದೆ.

ಕೈಯೇ ಮೀಟರ್. ಮೂರು ತಂತಿಗಳನ್ನೂ ಇಎಸ್‌ಸಿಯಿಂದ ಬಿಡಿಸಿ, ಒಂದಕ್ಕೊಂದು ತಗುಲದಂತೆ ಹರಡಿ, ಶಾಫ್ಟನ್ನು ಬೆರಳಲ್ಲಿ ತಿರುಗಿಸಿ. ಆಯಸ್ಕಾಂತದ ಸಣ್ಣ ಸಣ್ಣ ಎಳೆತ ಬಿಟ್ಟರೆ ಹಗುರವಾಗಿ ತಿರುಗಬೇಕು. ತಂತಿಗಳು ಬಿಡಿಯಾಗಿರುವಾಗಲೇ ಬ್ರೇಕ್ ಹಿಡಿದಂತೆ ತಿರುಗಿದರೆ ಒಳಗೆ ಸುತ್ತುಗಳು ಒಂದಕ್ಕೊಂದು ಕೂಡಿಕೊಂಡಿವೆ. ಆಮೇಲೆ ಯಾವುದಾದರೂ ಎರಡು ತಂತಿಗಳ ತುದಿ ಸೇರಿಸಿ ಹಿಡಿದು ಮತ್ತೆ ತಿರುಗಿಸಿ. ಈಗ ಬಿಗಿಯಾಗಬೇಕು, ಜೇನುತುಪ್ಪದಲ್ಲಿ ಕೈಯಾಡಿಸಿದ ಹಾಗೆ. ಮೂರು ಜೋಡಿಗಳಲ್ಲೂ ಹೀಗೆ ನೋಡಿ. ಮೂರರಲ್ಲೂ ಬಿಗಿತ ಸಮವಾಗಿದ್ದರೆ ವೈಂಡಿಂಗ್ ಚೆನ್ನಾಗಿದೆ. ಒಂದು ಜೋಡಿಯಲ್ಲಿ ಮಾತ್ರ ಬಿಗಿತ ಬಂದು ಉಳಿದೆರಡರಲ್ಲಿ ಬರದಿದ್ದರೆ, ಆ ಎರಡಕ್ಕೂ ಸಾಮಾನ್ಯವಾಗಿರುವ ತಂತಿ ಎಲ್ಲೋ ಕಡಿದಿದೆ. ಹೆಚ್ಚಾಗಿ ತಂತಿ ಡಬ್ಬಿಯಿಂದ ಹೊರಬರುವ ಜಾಗದಲ್ಲಿ, ಇಲ್ಲವೇ ಬುಲೆಟ್ ಕನೆಕ್ಟರಿನ ಬೆಸುಗೆಯಲ್ಲಿ.

ಅಳಿಯ ಇದನ್ನು ಮೂರು ಸಲ ಮಾಡಿದ. ಮೂರೂ ಜೋಡಿ ಸಮ. "ಹಾಗಾದರೆ ಹೊರಡುವಾಗ ಯಾಕೆ ತಡವರಿಸಿತು?" ಎಂದ.

ತಡವರಿಕೆಗೆ ಕಾರಣಗಳು ಹಲವು. ಸೆನ್ಸರ್ ಇಲ್ಲದ ಬ್ರಷ್‌ಲೆಸ್ ಮೋಟಾರಿನಲ್ಲಿ ರೋಟರ್, ಅಂದರೆ ತಿರುಗುವ ಭಾಗ, ಎಲ್ಲಿ ನಿಂತಿದೆ ಎಂದು ಇಎಸ್‌ಸಿಗೆ ತಿಳಿಯುವುದು ಅದು ತಿರುಗತೊಡಗಿದ ಮೇಲೆ, ವೈಂಡಿಂಗಿನಲ್ಲಿ ಹುಟ್ಟುವ ಹಿಮ್ಮುಖ ವೋಲ್ಟಿನಿಂದ. ನಿಂತಲ್ಲಿಂದ ಹೊರಡುವಾಗ ಅದು ಊಹೆಯ ಮೇಲೆ ತಳ್ಳುತ್ತದೆ. ಚಕ್ರ ಬಿಗಿಯಾಗಿದ್ದರೆ, ಗಿಯರ್ ಭಾರವಾಗಿದ್ದರೆ, ಬ್ಯಾಟರಿ ಕುಸಿದರೆ ಆ ಊಹೆ ತಪ್ಪುತ್ತದೆ, ಕಾರು ನಡುಗುತ್ತದೆ. ಚಕ್ರ ಎತ್ತಿ ಹಿಡಿದಾಗ ಸಲೀಸಾಗಿ ತಿರುಗಿ, ನೆಲಕ್ಕಿಟ್ಟಾಗ ಮಾತ್ರ ನಡುಗಿದರೆ ಈ ಮೂರರಲ್ಲಿ ಒಂದು. ಎತ್ತಿ ಹಿಡಿದಾಗಲೂ ನಡುಗುವುದೇ ಹೊರತು ತಿರುಗದಿದ್ದರೆ ಒಂದು ತಂತಿಯ ಸಂಪರ್ಕ ತಪ್ಪಿದೆ, ಅಥವಾ ಇಎಸ್‌ಸಿಯಲ್ಲಿ ಒಂದು ಭಾಗ ಸುಟ್ಟಿದೆ. ಯಾವುದೆಂದು ತಿಳಿಯಲು ಇನ್ನೊಂದು ಮೋಟಾರನ್ನು ಅದೇ ಇಎಸ್‌ಸಿಗೆ ಕೊಟ್ಟು ನೋಡಿ. ಸೆನ್ಸರ್ ಇರುವ ಮೋಟಾರಾದರೆ ಆರು ಪಿನ್ನಿನ ತೆಳು ಕೇಬಲ್ಲನ್ನು ಮೊದಲು ಅನುಮಾನಿಸಿ. ಅಲ್ಲಿ ಎ, ಬಿ, ಸಿ ತಂತಿಗಳ ಕ್ರಮ ತಪ್ಪಲೇಬಾರದು. ಸೆನ್ಸರ್ ಇಲ್ಲದ್ದರಲ್ಲಿ ಯಾವ ಎರಡನ್ನು ಅದಲು ಬದಲು ಮಾಡಿದರೂ ತಿರುಗುವ ದಿಕ್ಕು ಬದಲಾಗುತ್ತದೆ, ಅಷ್ಟೇ.

ಬ್ರಷ್ ಇರುವ ಹಳೆಯ 540 ಗಾತ್ರದ ಮೋಟಾರಿನ ಕಥೆ ಬೇರೆ, ಮತ್ತು ನನಗೆ ಅದರ ಮೇಲೆ ಸ್ವಲ್ಪ ಮಮತೆ ಹೆಚ್ಚು. ಅದನ್ನು ಕಣ್ಣಲ್ಲೇ ಓದಬಹುದು. ಹಿಂಬದಿಯ ಕಿಂಡಿಯಿಂದ ಇಣುಕಿ: ಕಮ್ಯುಟೇಟರ್, ಅಂದರೆ ಬ್ರಷ್ ಉಜ್ಜುವ ತಾಮ್ರದ ಉರುಳೆ, ಕಂದು ಬಣ್ಣದಲ್ಲಿ ನುಣುಪಾಗಿದ್ದರೆ ಆರೋಗ್ಯ. ಕರ್ರಗೆ ಸುಟ್ಟು ಗೆರೆ ಬಿದ್ದಿದ್ದರೆ ತೀರಾ ಭಾರ ಎಳೆದಿದೆ. ಕಾರ್ಬನ್ ಬ್ರಷ್ ಅರ್ಧಕ್ಕಿಂತ ಕಡಿಮೆ ಉಳಿದಿದ್ದು ಸ್ಪ್ರಿಂಗ್ ಸರಿಯಾಗಿ ಒತ್ತದಿದ್ದರೆ ಕಿಡಿ ಹಾರುತ್ತದೆ. ಮುಚ್ಚಿದ ಅಗ್ಗದ ಡಬ್ಬಿಯಲ್ಲಿ ಬ್ರಷ್ ಬದಲಿಸಲಾಗದು, ಮೋಟಾರನ್ನೇ ಬದಲಿಸಬೇಕು. ಡಬ್ಬಿಗೆ ಬೆಸೆದ ‘104’ ಎಂದು ಬರೆದ ಸಣ್ಣ ಕೆಪಾಸಿಟರ್ ಕಳಚಿದ್ದರೆ ಮೋಟಾರ್ ಓಡುತ್ತದೆ, ಆದರೆ ರಿಮೋಟಿನ ಮಾತು ಕೇಳುವುದಿಲ್ಲ, ಸ್ಟೀರಿಂಗ್ ಸುಮ್ಮಸುಮ್ಮನೆ ಅದುರುತ್ತದೆ. ಇದನ್ನು ರಿಮೋಟಿನ ದೋಷವೆಂದು ತಿಳಿದು ರಿಮೋಟ್ ಬದಲಿಸಿದವರೂ ಇದ್ದಾರೆ.

ಎರಡೂ ಬಗೆಗೆ ಬರುವ ಒಂದು ಗುಪ್ತ ರೋಗವಿದೆ. ಅತಿಯಾದ ಬಿಸಿಗೆ ಆಯಸ್ಕಾಂತ ಶಕ್ತಿ ಕಳೆದುಕೊಳ್ಳುವುದು. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಆಯಸ್ಕಾಂತದ ಮಿತಿ ಸುಮಾರು 80 ಡಿಗ್ರಿ ಸೆಲ್ಸಿಯಸ್, ವಿಶೇಷ ದರ್ಜೆಯವು 150 ದಾಟಿಯೂ ತಡೆಯುತ್ತವೆ. ನಿಮ್ಮ ಮೋಟಾರಿನ ಒಳಗೆ ಯಾವುದಿದೆ ಎಂದು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ಈ ರೋಗದ ಲಕ್ಷಣ ಮೋಸದ್ದು: ಚಕ್ರ ಎತ್ತಿ ಹಿಡಿದಾಗ ಮೋಟಾರ್ ಮೊದಲಿಗಿಂತ ಜೋರಾಗಿ ತಿರುಗುತ್ತದೆ! ನೆಲಕ್ಕಿಟ್ಟರೆ ಎಳೆಯುವುದಿಲ್ಲ, ಕರೆಂಟ್ ಮಾತ್ರ ಹೆಚ್ಚು ತಿನ್ನುತ್ತದೆ. ಆಯಸ್ಕಾಂತ ದುರ್ಬಲವಾದಷ್ಟೂ ಪ್ರತಿ ವೋಲ್ಟಿಗೆ ಸುತ್ತು ಹೆಚ್ಚುತ್ತದೆ, ಪ್ರತಿ ಆಂಪಿಯರಿಗೆ ಟಾರ್ಕ್ ಇಳಿಯುತ್ತದೆ. ಈ ಮೋಟಾರ್ ನಿಜವಾಗಿಯೂ ಹೋಗಿದೆ.

ಅನುಮಾನವಿದ್ದರೆ ಕೆವಿಯನ್ನು ಅಂದಾಜಾಗಿ ಅಳೆಯಬಹುದು. ಶಾಫ್ಟನ್ನು ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ, ಗೊತ್ತಿರುವ ವೇಗದಲ್ಲಿ ತಿರುಗಿಸಿ, ಯಾವುದಾದರೂ ಎರಡು ತಂತಿಗಳ ನಡುವಿನ ಎಸಿ ವೋಲ್ಟ್ ನೋಡಿ. ನಿಮಿಷಕ್ಕೆ ತಿರುಗಿದ ಸುತ್ತನ್ನು ಆ ವೋಲ್ಟಿನ 1.414 ಪಟ್ಟಿನಿಂದ ಭಾಗಿಸಿದರೆ ಕೆವಿ. ನಿಮಿಷಕ್ಕೆ 1,300 ಸುತ್ತಿನ ಡ್ರಿಲ್ಲಿನಲ್ಲಿ 3,300 ಕೆವಿಯ ಮೋಟಾರ್ ಸುಮಾರು 0.28 ವೋಲ್ಟ್ ಕೊಡಬೇಕು. ಅದು 0.22 ಕೊಟ್ಟರೆ, ಒಂದೋ ಆಯಸ್ಕಾಂತ ಸೊರಗಿದೆ, ಒಂದೋ ಲೇಬಲ್ ಸುಳ್ಳು. ಅಳಿಯನ ಮೋಟಾರ್ 0.27 ತೋರಿಸಿತು. ಆರೋಗ್ಯವಾಗಿಯೇ ಇತ್ತು.

ಬಿಸಿ ಎಲ್ಲಿಂದ ಬಂತು?

ಇಲ್ಲಿ ಅವನು ತಲೆ ತಗ್ಗಿಸಿಕೊಂಡು ಇನ್ನೊಂದು ವಿಷಯ ಹೇಳಿದ. ಮಂಗಳೂರಿನ ಗೆಳೆಯನ ಕಾರಿಗಿಂತ ವೇಗ ಬೇಕೆಂದು 15 ಹಲ್ಲಿನ ಪಿನಿಯನ್ ತೆಗೆದು 18 ಹಲ್ಲಿನದ್ದು ಹಾಕಿದ್ದನಂತೆ.

ಉಡುಪಿಯಿಂದ ಮಣಿಪಾಲಕ್ಕೆ ಏರುವ ಬಸ್ಸನ್ನು ನೆನಪಿಸಿಕೊಳ್ಳಿ. ಚಾಲಕ ಗಿಯರ್ ಇಳಿಸದೆ ಏರು ಹತ್ತಿಸಹೋದರೆ ಎಂಜಿನ್ ಗದಗುಟ್ಟುತ್ತದೆ. ಎಂಜಿನ್ ಆದರೆ ಬಂದ್ ಬೀಳುತ್ತದೆ, ವಿದ್ಯುತ್ ಮೋಟಾರ್ ಬಂದ್ ಬೀಳದೆ ಸುಡುತ್ತದೆ. ಭಾರ ಇಲ್ಲದಾಗಿನ ವೇಗದ ಸರಿಯಾಗಿ ಅರ್ಧಕ್ಕೆ ಇಳಿದಾಗ ಮೋಟಾರ್ ಅತಿ ಹೆಚ್ಚು ಶಕ್ತಿ ಕೊಡುತ್ತದೆ, ನಿಜ. ಆದರೆ ಆಗ ಬ್ಯಾಟರಿಯಿಂದ ತೆಗೆದುಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಹೋಗುತ್ತದೆ. ಅದರ ನೆಮ್ಮದಿಯ ಜಾಗ ಮೇಲುಗಡೆ, ಪೂರ್ಣ ವೇಗಕ್ಕೆ ಹತ್ತಿರ. ದೊಡ್ಡ ಪಿನಿಯನ್ ಹಾಕಿದವನು ಮೋಟಾರನ್ನು ಆ ಜಾಗಕ್ಕೆ ಏರಲು ಬಿಡುವುದೇ ಇಲ್ಲ. ಮೆತ್ತನೆಯ ಮರಳಿನಲ್ಲಂತೂ ಕಾರು ಸದಾ ಏರು ಹತ್ತುತ್ತಲೇ ಇರುತ್ತದೆ. ವೈಂಡಿಂಗಿನ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣ, ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಅವನ ಕಾರಿನ ಲೆಕ್ಕ ಹಾಕಿದೆವು. 3,300 ಅನ್ನು ಬ್ಯಾಟರಿಯ ಸರಾಸರಿಯಾದ 7.4 ವೋಲ್ಟಿನಿಂದ ಗುಣಿಸಿದರೆ ನಿಮಿಷಕ್ಕೆ 24,420 ಸುತ್ತು. ಸ್ಪರ್ 54 ಹಲ್ಲು, ಒಳಗಿನ ಗಿಯರುಗಳ ಅನುಪಾತ 2.85, ಟೈರಿನ ವ್ಯಾಸ 110 ಮಿ.ಮೀ. ಕಂಪನಿಯಿಂದ ಬಂದ 15 ಹಲ್ಲಿನಲ್ಲಿ ಕಾಗದದ ಮೇಲಿನ ವೇಗ ಗಂಟೆಗೆ 49 ಕಿ.ಮೀ., 18ರಲ್ಲಿ 59. ಮರಳಿನಲ್ಲಿ ಆ ಹತ್ತು ಕಿ.ಮೀ. ಯಾರಿಗೂ ಸಿಗುವುದಿಲ್ಲ, ಬಿಸಿ ಮಾತ್ರ ಸಿಗುತ್ತದೆ. ನಾವು 13 ಹಲ್ಲಿನದ್ದು ಹಾಕಿದೆವು, ಕಾಗದದ ಮೇಲೆ 43.

ಬಿಸಿ ಅಳೆಯುವಾಗ ಒಂದು ಎಚ್ಚರ. ದೂರದಿಂದ ತೋರಿಸುವ ಇನ್ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಅಲ್ಯೂಮಿನಿಯಂ ಮೇಲೆ ಸುಳ್ಳು ಹೇಳುತ್ತದೆ, ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಡಬ್ಬಿಗೆ ಕಪ್ಪು ಇನ್ಸುಲೇಶನ್ ಟೇಪಿನ ಒಂದು ಚೂರು ಅಂಟಿಸಿ ಅದರ ಮೇಲೆ ಗುರಿ ಹಿಡಿಯಿರಿ. ನಿಲ್ಲಿಸಿದ ಮೇಲೂ ಒಂದೆರಡು ನಿಮಿಷ ಏರುತ್ತಲೇ ಇರುತ್ತದೆ, ಏಕೆಂದರೆ ಒಳಗಿನ ಬಿಸಿ ಹೊರಗೆ ಬರಲು ಸಮಯ ಬೇಕು. ಟೇಪಿನ ಮೇಲೆ 80 ಡಿಗ್ರಿ ಕಂಡರೆ ನಾನು ಓಡಿಸುವುದನ್ನು ನಿಲ್ಲಿಸಿ ಪಿನಿಯನ್ ಒಂದು ಹಲ್ಲು ಇಳಿಸುತ್ತೇನೆ. ಏಪ್ರಿಲ್ ತಿಂಗಳ ನಮ್ಮ ಸೆಕೆಯಲ್ಲಿ ಗಾಳಿಯೇ 33 ಡಿಗ್ರಿ ದಾಟಿರುವಾಗ, ಡಿಸೆಂಬರಿನ ಮುಂಜಾನೆ ಕೊಯ್ಲಾದ ಗದ್ದೆಯಲ್ಲಿ ಸರಿಹೊಂದಿದ ಗಿಯರ್ ಸರಿಹೊಂದಬೇಕೆಂದಿಲ್ಲ.

ಮರಳು, ಉಪ್ಪು, ಕೆಂಪು ಧೂಳು

ನಮ್ಮ ತೀರದ ಮರಳಿನಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಆಯಸ್ಕಾಂತ ಹಿಡಿದರೆ ಆ ಕಪ್ಪು ಕಣಗಳಲ್ಲಿ ಹಲವು ಮೀಸೆಯಂತೆ ಅಂಟಿಕೊಳ್ಳುತ್ತವೆ. ಕಿಂಡಿಗಳಿರುವ ಮೋಟಾರಿನ ಒಳಗೂ ಹಾಗೆಯೇ ಅಂಟಿ, ರೋಟರ್ ಮತ್ತು ವೈಂಡಿಂಗಿನ ನಡುವಿನ ಕೂದಲಿನಷ್ಟು ಸಂದಿನಲ್ಲಿ ಉಜ್ಜುತ್ತವೆ. ಗಾಳಿ ಊದಿದರೆ ಬರುವುದಿಲ್ಲ. ಮೋಟಾರ್ ಬಿಚ್ಚಿ, ಅಂಟು ಟೇಪನ್ನು ರೋಟರಿಗೆ ಒತ್ತಿ ಒತ್ತಿ ಎತ್ತಬೇಕು. ತೀರದಲ್ಲಿ ಓಡಿಸುವುದೇ ಆದರೆ ಪೂರ್ತಿ ಮುಚ್ಚಿದ ಡಬ್ಬಿಯ ಮೋಟಾರ್ ಒಳ್ಳೆಯದು, ಸ್ವಲ್ಪ ಹೆಚ್ಚು ಬಿಸಿಯಾದರೂ ಚಿಂತೆಯಿಲ್ಲ.

ಅಲೆಯ ನೀರು ತಾಗಿದರೆ ಮನೆಗೆ ಬಂದು ಆರಾಮವಾಗಿ ನೋಡೋಣ ಎಂದು ಬಿಡಬೇಡಿ. ಬ್ರಷ್‌ಲೆಸ್ ಮೋಟಾರನ್ನು ಅದೇ ಸಂಜೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಎರಡೂ ಬೇರಿಂಗಿಗೆ ಒಂದೊಂದು ಹನಿ ತೆಳು ಎಣ್ಣೆ ಹಾಕಿ. ನೀರು ಓಡಿಸುವ ಸ್ಪ್ರೇ ಎಣ್ಣೆಯ ಬದಲಿಗೆ ಸಾಲದು. ಬ್ರಷ್ ಮೋಟಾರಿನ ಕಾರ್ಬನ್ನಿಗೆ ಎಣ್ಣೆ ತಾಗಬಾರದು. ಒಳನಾಡಿನ ಮುರಕಲ್ಲಿನ ಧೂಳು ಇಷ್ಟು ಹಟಮಾರಿಯಲ್ಲ, ಒಣ ಬ್ರಷ್ಷಿಗೆ ಬರುತ್ತದೆ. ಮಳೆಗಾಲದಲ್ಲಿ ಅದೇ ಕೆಸರಾಗಿ ಬೇರಿಂಗ್ ಸೇರಿದರೆ ಮಾತ್ರ ಬೇರೆ ಮಾತು.

ನಿಜವಾಗಿಯೂ ಹೋಗಿದ್ದರೆ ಯಾವುದು ಕೊಳ್ಳಬೇಕು

ಕೆವಿ ಹೆಚ್ಚಿದ್ದರೆ ಮೋಟಾರಿಗೆ ಬಲ ಹೆಚ್ಚು ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಒಂದೇ ಅಳತೆಯ ಡಬ್ಬಿಯಲ್ಲಿ ದಪ್ಪ ತಂತಿಯ ಕಡಿಮೆ ಸುತ್ತು ಹಾಕಿದರೆ ಕೆವಿ ಹೆಚ್ಚು, ತೆಳು ತಂತಿಯ ಹೆಚ್ಚು ಸುತ್ತು ಹಾಕಿದರೆ ಕೆವಿ ಕಡಿಮೆ. ತುಂಬಿದ ತಾಮ್ರ ಹೆಚ್ಚು ಕಡಿಮೆ ಅಷ್ಟೇ. ಬಲ ಬರುವುದು ತಾಮ್ರ, ಕಬ್ಬಿಣ, ಆಯಸ್ಕಾಂತಗಳ ತೂಕದಿಂದ, ಅಂದರೆ ಡಬ್ಬಿಯ ಉದ್ದಗಲದಿಂದ. ಅಷ್ಟೇ ಟಾರ್ಕ್ ಬೇಕಾದಾಗ ಹೆಚ್ಚು ಕೆವಿಯ ಮೋಟಾರ್ ಹೆಚ್ಚು ಕರೆಂಟ್ ಕೇಳುತ್ತದೆ. ಅದರ ಪೆಟ್ಟು ಬೀಳುವುದು ಇಎಸ್‌ಸಿ, ಪ್ಲಗ್, ಬ್ಯಾಟರಿಯ ಮೇಲೆ. ಅಳಿಯ ಕೇಳಿದ 4,500 ಕೆವಿಯನ್ನು ಹಾಕಿ ಮೊದಲಿನ 49 ಕಿ.ಮೀ. ವೇಗವನ್ನೇ ಉಳಿಸಿಕೊಳ್ಳಲು 11 ಹಲ್ಲಿನ ಪಿನಿಯನ್ ಬೇಕಾಗುತ್ತಿತ್ತು. 18 ಹಲ್ಲಿನ ಮೇಲೆ ಅದನ್ನು ಕೂರಿಸಿದ್ದರೆ ಮರುದಿನವೇ ನನ್ನ ಶೆಡ್ಡಿಗೆ ಇಎಸ್‌ಸಿಯೂ ಬರುತ್ತಿತ್ತು.

ಮೊದಲು ಅಳತೆ. 3650 ಎಂದರೆ 36 ಮಿ.ಮೀ. ವ್ಯಾಸ, 50 ಮಿ.ಮೀ. ಉದ್ದ, ಅಂದರೆ ಹಳೆಯ 540ರ ಗಾತ್ರ. 3660, 3674 ಅದೇ ವ್ಯಾಸ, ಹೆಚ್ಚು ಉದ್ದ. ನಿಮ್ಮ ಕಾರಿನಲ್ಲಿ ಅಷ್ಟು ಉದ್ದಕ್ಕೆ ಜಾಗವಿದೆಯೇ ಎಂದು ಸ್ಕೇಲ್ ಹಿಡಿದು ನೋಡಿ. ಜಾಗವಿದ್ದರೆ, ಕಾರು ಎರಡೂವರೆ ಕೆ.ಜಿ. ದಾಟಿದ್ದರೆ, ಉದ್ದನೆಯದ್ದೇ ತೆಗೆದುಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಆಮೇಲೆ ವೋಲ್ಟ್. ಕೆವಿಯನ್ನು ಪೂರ್ತಿ ಚಾರ್ಜಿನ ವೋಲ್ಟಿನಿಂದ ಗುಣಿಸಿದಾಗ 50,000ದ ಒಳಗೇ ಇರಲಿ. ಒಳಗೆ ಎಷ್ಟೋ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಒಂದೂವರೆ ಕೆ.ಜಿ.ಯ ಎರಡು ಚಕ್ರದ ಡ್ರೈವಿನ ಬಗ್ಗಿಗೆ 2ಎಸ್‌ನಲ್ಲಿ 3,300ರಿಂದ 4,000 ಸಾಕು. ಮೂರು ಕೆ.ಜಿ.ಯ ಟ್ರಕ್ಕಿಗೆ 3ಎಸ್ ಹಾಕುವುದಾದರೆ 2,000ದಿಂದ 2,500. 1:8 ಅಳತೆಯ ದೊಡ್ಡ ಬಗ್ಗಿಗೆ 4ಎಸ್‌ನಲ್ಲಿ 2,000 ಆಸುಪಾಸು. ಕಲ್ಲು ಹತ್ತುವ ಕ್ರಾಲರ್ ಇದ್ದರೆ ವೇಗದ ಮಾತೇ ಬೇಡ. ಅಲ್ಲಿ 35 ಅಥವಾ 55 ತಂತಿ ಸುತ್ತಿನ ಬ್ರಷ್ ಮೋಟಾರ್ ಇವತ್ತಿಗೂ ಮರ್ಯಾದೆ ಉಳಿಸಿಕೊಂಡಿದೆ, ನಿಧಾನಕ್ಕೆ ಹೊರಡುವಾಗ ನಡುಗುವುದಿಲ್ಲ. ಬ್ರಷ್ ಮೋಟಾರಿನಲ್ಲಿ ಸುತ್ತಿನ ಸಂಖ್ಯೆ ಹೆಚ್ಚಿದಷ್ಟೂ ವೇಗ ಕಡಿಮೆ ಎಂಬುದನ್ನು ಮರೆಯಬೇಡಿ. ಬ್ರಷ್‌ಲೆಸ್ಸೇ ಬೇಕೆಂದರೆ ಕ್ರಾಲರಿಗೆ ಸೆನ್ಸರ್ ಇರುವುದು.

ಕೊನೆಗೆ ಶಾಫ್ಟ್ ಮತ್ತು ಸ್ಕ್ರೂ ತೂತು. 540 ಗಾತ್ರದವುಗಳಲ್ಲಿ ಎರಡು ತೂತುಗಳ ನಡುವೆ 25 ಮಿ.ಮೀ., ಸ್ಕ್ರೂ 3 ಮಿ.ಮೀ. ಶಾಫ್ಟ್ ಹೆಚ್ಚಾಗಿ 3.17 ಮಿ.ಮೀ., ಉದ್ದನೆಯ ಮತ್ತು ದೊಡ್ಡ ಮೋಟಾರುಗಳಲ್ಲಿ 5 ಮಿ.ಮೀ. ಒಂದರ ಪಿನಿಯನ್ ಇನ್ನೊಂದಕ್ಕೆ ಕೂರುವುದಿಲ್ಲ. ಪಿನಿಯನ್ನಿನ ಹಲ್ಲಿನ ಅಳತೆಯೂ ನಿಮ್ಮ ಸ್ಪರ್ ಗಿಯರಿನದ್ದೇ ಆಗಿರಬೇಕು. 32 ಪಿಚ್ಚಿನ ಸ್ಪರ್ ಮೇಲೆ 48 ಪಿಚ್ಚಿನ ಪಿನಿಯನ್ ಓಡಿದರೆ ಒಂದೇ ಸಂಜೆಯಲ್ಲಿ ಪ್ಲಾಸ್ಟಿಕ್ ಪುಡಿ.

ಅಳಿಯನ ಕಾರು ಹೊಸ ಬೇರಿಂಗ್ ಮತ್ತು 13 ಹಲ್ಲಿನ ಪಿನಿಯನ್ನಿನೊಂದಿಗೆ ಅದೇ ಮಲ್ಪೆಯ ಮರಳಿನಲ್ಲಿ ಹತ್ತು ನಿಮಿಷ ಓಡಿತು. ಟೇಪಿನ ಮೇಲೆ 68 ಡಿಗ್ರಿ. ಆದರೆ ಅವನು ನನ್ನಲ್ಲಿಗೆ ಬರುವ ಮೊದಲೇ 4,500 ಕೆವಿಯ ಮೋಟಾರಿಗೆ ಆರ್ಡರ್ ಹಾಕಿಯಾಗಿತ್ತು, ಹೇಳಿರಲಿಲ್ಲ. ಮುಂದಿನ ವಾರ ಪಾರ್ಸೆಲ್ ಬಂತು. ಬಿಚ್ಚಿ ನೋಡಿದರೆ ಅದರ ಶಾಫ್ಟ್ 5 ಮಿ.ಮೀ. ಅವನಲ್ಲಿರುವ ಪಿನಿಯನ್‌ಗಳೆಲ್ಲ 3.17. ಮೋಟಾರ್ ಈಗ ತಂಗಿಯ ಮನೆಯ ಶೋಕೇಸಿನಲ್ಲಿ, ಯಕ್ಷಗಾನದ ಗೊಂಬೆಯ ಪಕ್ಕದಲ್ಲಿ ಕುಳಿತಿದೆ.